ಮೆಷಿನ್ ಗೊತ್ತಿದ್ದವನು ಕ್ಯಾಮ್ ಕಲಿತದ್ದು: ನನ್ನ ಅನುಭವ

ಕ್ಯಾಮ್ ಎಂದರೆ ಕಂಪ್ಯೂಟರಿನಲ್ಲಿ ಬಿಡಿಸಿದ ಭಾಗವನ್ನು ನೋಡಿ ಮೆಷಿನ್‌ಗೆ ಪ್ರೋಗ್ರಾಂ ಬರೆದುಕೊಡುವ ಸಾಫ್ಟ್‌ವೇರ್. ಅದನ್ನು ಕಲಿಯೋಣ ಎಂದು ಕೂತಾಗ ನಾನು ಹೊಸ ಜಾಬ್ (ಮೆಷಿನ್ ಮೇಲೆ ಮಾಡಬೇಕಾದ ಪೀಸ್) ತೆಗೆದುಕೊಳ್ಳಲಿಲ್ಲ. ವರ್ಷಗಳಿಂದ ಕೈಯಲ್ಲೇ ಜಿ ಕೋಡ್ (ಹೇಗೆ ಚಲಿಸಬೇಕೆಂದು ಮೆಷಿನ್‌ಗೆ ಹೇಳುವ ಸಾಲುಗಳು) ಬರೆದು ಮಿಲ್ಲಿಂಗ್ ಮಾಡುತ್ತಿದ್ದ ಹಳೇ ಪ್ಲೇಟ್ ಒಂದನ್ನೇ ಆರಿಸಿಕೊಂಡೆ. ಸುತ್ತ ಪ್ರೊಫೈಲ್ (ಹೊರ ಅಂಚಿನ ಆಕಾರ), ನಡುವೆ ಪಾಕೆಟ್ (ತಳವಿರುವ ಗುಂಡಿ), ಒಂದು ಬೋರ್ (ನಿಖರ ಅಳತೆಯ ದುಂಡು ತೂತು), ಮೂಲೆಗೊಂದು ತೂತು, ಅಷ್ಟೆ. ಅದರ ಯಾವ ಮೂಲೆಯಲ್ಲಿ ಕಟರ್ ಚೀರುತ್ತದೆ, ಎಲ್ಲಿ ಚಿಪ್ ಹೊರಬರದೆ ಸಿಕ್ಕಿಕೊಳ್ಳುತ್ತದೆ ಎಂಬುದೆಲ್ಲ ನನಗೆ ಬಾಯಿಪಾಠ. ಸಾಫ್ಟ್‌ವೇರ್ ಬರೆದುಕೊಟ್ಟ ಪ್ರೋಗ್ರಾಮನ್ನು ನನ್ನದರ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಓದಿದೆ. ಮೆಷಿನ್ ಮೇಲೆ ಕೈ ಪಳಗಿದವರು ಯಾರೇ ಕೇಳಲಿ, ಇಲ್ಲಿಂದಲೇ ಶುರುಮಾಡಿ ಎನ್ನುತ್ತೇನೆ. ಹೊಸ ಜಾಬ್ ಹಿಡಿದು ಹೊಸ ಸಾಫ್ಟ್‌ವೇರ್ ಕಲಿಯಹೋದರೆ, ಏನಾದರೂ ಸರಿಬರದಾಗ ದೋಷ ಯಾವುದರದ್ದು ಎಂದೇ ಗೊತ್ತಾಗುವುದಿಲ್ಲ.

ಹಾಗೆ ಓದುತ್ತ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು. ಎಕ್ಸ್, ವೈ ಲೆಕ್ಕವನ್ನೆಲ್ಲ ಅದು ನನಗಿಂತ ಚೊಕ್ಕವಾಗಿ ಮಾಡಿತ್ತು. ಆದರೆ ನಾನು ಪ್ರೋಗ್ರಾಂ ಬರೆಯುವಾಗ ಯೋಚಿಸದೆಯೇ ತೆಗೆದುಕೊಳ್ಳುತ್ತಿದ್ದ ತೀರ್ಮಾನಗಳು ಅದರಲ್ಲಿ ಒಂದೂ ಇರಲಿಲ್ಲ. ಪಾಕೆಟ್ ಒಳಗೆ ಟೂಲ್ ಎಲ್ಲಿಂದ ಇಳಿಯಬೇಕು, ಗೋಡೆಗೆ ಎಷ್ಟು ಮೆಟೀರಿಯಲ್ ಬಿಡಬೇಕು, ಕ್ಲಾಂಪ್ ಯಾವ ಕಡೆ ಇದೆ, ಇದಾವುದೂ ಅದಕ್ಕೆ ಗೊತ್ತಿಲ್ಲ. ಕೇಳುವುದಕ್ಕೆ ಖಾನೆಗಳಿವೆ, ತುಂಬಬೇಕಾದವರು ನಾವು. ತುಂಬದೆ ಬಿಟ್ಟರೆ ಅದು ಬೇಸರಪಟ್ಟುಕೊಳ್ಳದೆ ತನ್ನ ಡೀಫಾಲ್ಟ್ ಅಂಕಿ ಹಾಕಿಕೊಂಡು ಮುಂದೆ ಹೋಗುತ್ತದೆ.

ಇದು ಇವತ್ತಿನ ಕಥೆಯೂ ಅಲ್ಲ. ಪಂಚ್ ಮಾಡಿದ ಟೇಪ್ ಓದಿಕೊಂಡು ನಡೆಯುವ ಮಿಲ್ಲಿಂಗ್ ಮೆಷಿನನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 1952ರಲ್ಲೇ ತೋರಿಸಿದ್ದರು. ಭಾಗದ ಆಕಾರವನ್ನು ಬರೆದುಕೊಟ್ಟರೆ ಕಟರ್ ಹೋಗಬೇಕಾದ ಬಿಂದುಗಳನ್ನು ಕಂಪ್ಯೂಟರೇ ಲೆಕ್ಕಹಾಕುವ ಎಪಿಟಿ ಎಂಬ ಭಾಷೆಯೂ ಆ ದಶಕದಲ್ಲೇ ಅಲ್ಲಿ ಹುಟ್ಟಿತು. ಅಂದರೆ ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸಿ ಬಹಳ ಕಾಲವಾಯಿತು. ಹೇಗೆ ಕೊರೆಯಬೇಕು ಎಂಬ ನಿರ್ಧಾರ ಇನ್ನೂ ಮೆಷಿನ್ ಮುಂದೆ ನಿಂತವನ ತಲೆಯಲ್ಲೇ ಇದೆ.

ಮಾಡೆಲಿಂಗ್ ಬಗ್ಗೆ ನಮ್ಮಂಥವರಿಗೆ ಭಯ ಜಾಸ್ತಿ. ಅಷ್ಟು ಬೇಕಿಲ್ಲ. ಸ್ಕೆಚ್ ಹಾಕುವುದು, ಅದನ್ನು ಎತ್ತರಿಸುವುದು, ತೂತು, ಫಿಲೆಟ್ (ದುಂಡಾದ ಅಂಚು), ಚಾಂಫರ್ (ಓರೆ ಅಂಚು), ಇಷ್ಟು ಬಂದರೆ ದಿನನಿತ್ಯದ ಪ್ಲೇಟು, ಬ್ಲಾಕು, ಫಿಕ್ಸ್‌ಚರ್ ಎಲ್ಲ ಬಿಡಿಸಬಹುದು. ಅಭ್ಯಾಸಕ್ಕೆ ನಾನು ಮೊದಲು ಬಿಡಿಸಿದ್ದು ಪೀಸ್ ಹಿಡಿಯಲು ಬಳಸುವ ನನ್ನದೇ ವೈಸ್, ಪ್ಯಾರಲಲ್‌ಗಳು, ಸಾಫ್ಟ್ ಜಾ. ಕಲಿತಂತೆಯೂ ಆಯಿತು, ಮುಂದೆ ಸಿಮ್ಯುಲೇಶನ್‌ಗೆ (ಕೊರೆತವನ್ನು ಪರದೆಯ ಮೇಲೆ ಮೊದಲೇ ಓಡಿಸಿ ನೋಡುವುದಕ್ಕೆ) ಬೇಕಾಗುವ ಮಾಡೆಲ್‌ಗಳೂ ಸಿದ್ಧವಾದವು. ಬೇರೆಯವರಿಂದ ಫೈಲ್ ಬರುವುದಾದರೆ ಸ್ಟೆಪ್ ಫೈಲ್ ಕೇಳಿ ಪಡೆಯಿರಿ. ಎಸ್‌ಟಿಎಲ್ ಎಂಬ ಇನ್ನೊಂದು ಬಗೆಯ ಫೈಲ್‌ನಲ್ಲಿ ಎಲ್ಲವೂ ಸಣ್ಣ ತ್ರಿಕೋನಗಳು. ದುಂಡಗಿನ ಬೋರ್ ಕೂಡ ಅಲ್ಲಿ ಹಲವು ಮುಖಗಳ ಆಕಾರವಾಗಿ ಬಂದಿರುತ್ತದೆ, ಅದರ ವ್ಯಾಸ ಹಿಡಿದು ಡ್ರಿಲ್ ಸೈಕಲ್ ಕೊಡಲು ಹೊರಟರೆ ತಲೆನೋವು.

ಮಾಡೆಲ್ ಕೈಗೆ ಬಂದಮೇಲೆ ಮೆಷಿನಿಸ್ಟ್ ಮಾತ್ರ ಗಮನಿಸುವ ಒಂದು ಸಂಗತಿ ಇದೆ. ಡಿಸೈನ್ ಮಾಡುವವರು ಸಾಮಾನ್ಯವಾಗಿ ನಾಮಿನಲ್ (ಹೆಸರಿಗೆ ಹೇಳುವ ಮೂಲ) ಅಳತೆಗೆ ಬಿಡಿಸಿರುತ್ತಾರೆ. ಟಾಲರೆನ್ಸ್, ಅಂದರೆ ಅಳತೆ ಎಷ್ಟು ಹೆಚ್ಚುಕಮ್ಮಿ ಆಗಬಹುದು ಎಂಬುದು, ಇರುವುದು ಡ್ರಾಯಿಂಗ್‌ನಲ್ಲಿ. ಎಚ್7, ಜಿ6 ಎಂಬವು ಅದರ ಸಂಕೇತಗಳು. 40 ಎಚ್7 ಬೋರ್ ಎಂದರೆ ವ್ಯಾಸ 40.000ರಿಂದ 40.025 ಮಿ.ಮೀ.ವರೆಗೆ. ಮಾಡೆಲ್‌ನಲ್ಲಿ ಇರುವುದು 40.000, ಅಂದರೆ ಕೆಳಗಿನ ಅಂಚು. ಟೂಲ್ ಒಂದಿಷ್ಟು ಬಾಗಿದರೂ ಗೇಜ್ ಒಳಗೆ ಹೋಗುವುದಿಲ್ಲ. 40 ಜಿ6 ಬಾಸ್ (ದುಂಡಗೆ ಎದ್ದುನಿಂತ ಭಾಗ) ಇದ್ದರಂತೂ ಇನ್ನೂ ವಿಚಿತ್ರ: ಅದರ ಮಿತಿ 39.991ರಿಂದ 39.975. ನಾಮಿನಲ್ 40.000 ಮಿತಿಯ ಒಳಗೇ ಇಲ್ಲ. ಮಾಡೆಲ್ ಹೇಳಿದ್ದನ್ನು ಚಾಚೂತಪ್ಪದೆ ಕೊರೆದರೆ ಪೀಸ್ ದಪ್ಪ ಉಳಿಯುತ್ತದೆ. ಕೈಯಲ್ಲಿ ಬರೆಯುವಾಗ ನಾವು ಡ್ರಾಯಿಂಗ್ ನೋಡಿಯೇ ನಡುವಿನ ಅಂಕಿಗೆ ಬರೆಯುತ್ತಿದ್ದೆವು, ಆದ್ದರಿಂದ ಇದೊಂದು ವಿಷಯ ಎಂದೇ ಅನ್ನಿಸಿರಲಿಲ್ಲ. ಈಗ ನನ್ನ ಪದ್ಧತಿ ಹೀಗಿದೆ: ಡ್ರಾಯಿಂಗ್ ಪ್ರಿಂಟ್ ತೆಗೆದು ಒಂದೇ ಕಡೆಗೆ ಟಾಲರೆನ್ಸ್ ಇರುವ ಅಳತೆಗಳಿಗೆಲ್ಲ ಸುತ್ತುಹಾಕುತ್ತೇನೆ, ಆ ಮುಖಗಳನ್ನು ಮಾಡೆಲ್‌ನಲ್ಲಿ ಮಧ್ಯದ ಅಳತೆಗೆ ಸರಿಸಿಕೊಂಡ ಮೇಲೆಯೇ ಟೂಲ್‌ಪಾತ್ (ಕಟರ್ ಸಾಗುವ ದಾರಿ) ಹಾಕುತ್ತೇನೆ.

ಕಟರ್ ಕಾಂಪೆನ್ಸೇಶನ್, ಅಂದರೆ ಕಟರ್‌ನ ದಪ್ಪಕ್ಕೆ ತಕ್ಕಂತೆ ದಾರಿಯನ್ನು ಪಕ್ಕಕ್ಕೆ ಸರಿಸುವುದು, ಇನ್ನೊಂದು. ಕೈಬರಹದ ಪ್ರೋಗ್ರಾಮಿನಲ್ಲಿ ಡ್ರಾಯಿಂಗ್ ಅಳತೆಯನ್ನೇ ಬರೆದು, ಅದನ್ನು ಆನ್ ಮಾಡುವ ಜಿ41 ಹಾಕಿ, ಮೆಷಿನ್‌ನ ಡಿ ಆಫ್‌ಸೆಟ್ ಎಂಬ ಖಾನೆಯಲ್ಲಿ ಟೂಲಿನ ಪೂರ್ತಿ ರೇಡಿಯಸ್ ಕೊಡುವುದು ರೂಢಿ. ಕ್ಯಾಮ್‌ನಲ್ಲಿ ಆಯ್ಕೆಗಳು ಹಲವು, ನಾನು ಫಿನಿಶಿಂಗ್‌ಗೆ ಬಳಸುವುದು ವೇರ್ ಎಂಬುದನ್ನು. ಇದರಲ್ಲಿ ಸಾಫ್ಟ್‌ವೇರ್ ಕಟರ್‌ನ ನಡುಬಿಂದುವಿನ ದಾರಿಯನ್ನೇ ಬರೆದು ಜಿ41ನ್ನೂ ಸೇರಿಸುತ್ತದೆ. ಡಿ ಆಫ್‌ಸೆಟ್‌ನಲ್ಲಿ ಇರಬೇಕಾದದ್ದು ಸೊನ್ನೆ, ಇಲ್ಲವೇ ಮೈನಸ್ 0.02ರಂಥ ಸಣ್ಣ ತಿದ್ದುಪಡಿ. ಒಂದೇ ಮೆಷಿನ್‌ನಲ್ಲಿ ಹಳೇ ಪ್ರೋಗ್ರಾಮುಗಳೂ ಕ್ಯಾಮ್ ಪ್ರೋಗ್ರಾಮುಗಳೂ ಓಡುತ್ತಿದ್ದರೆ ಇಲ್ಲಿ ಅಪಾಯವಿದೆ. ಹಳೇ ಪ್ರೋಗ್ರಾಮಿಗಾಗಿ ಕೊಟ್ಟ 5.0 ಎಂಬ ರೇಡಿಯಸ್ ಹಾಗೇ ಉಳಿದಿದ್ದರೆ ಟೂಲ್ ಗೋಡೆಯಿಂದ ಐದು ಮಿಲಿಮೀಟರ್ ಆಚೆ ಓಡುತ್ತದೆ. ಅದಕ್ಕೇ ಕ್ಯಾಮ್ ಪ್ರೋಗ್ರಾಮುಗಳಿಗೆ ಡಿ ನಂಬರ್‌ಗಳನ್ನೇ ಬೇರೆ ಇಟ್ಟಿದ್ದೇನೆ. ಲೀಡ್ ಇನ್ (ಕಟರ್ ಗೋಡೆಗೆ ಬಂದು ಸೇರುವ ದಾರಿ) ಮಾತ್ರ ನೇರ ಗೆರೆಯಿಂದ ಶುರುವಾಗಬೇಕು. ಆರ್ಕ್ (ಬಾಗಿದ ಗೆರೆ) ಮೇಲೆ ಜಿ41 ಆನ್ ಆಗುವಂತಿದ್ದರೆ ಮೆಷಿನ್ ನಡೆಸುವ ಕಂಟ್ರೋಲರ್ ಅಲಾರಂ ಕೊಟ್ಟು ನಿಲ್ಲುತ್ತದೆ.

ರಫಿಂಗ್‌ನಲ್ಲಿ, ಅಂದರೆ ಹೆಚ್ಚಿನ ಮೆಟೀರಿಯಲ್ ಮೊದಲು ತೆಗೆಯುವ ಹಂತದಲ್ಲಿ, ನನ್ನ ಹಳೆಯ ಬುದ್ಧಿ ಬಹಳ ಹಟ ಮಾಡಿತು. ಇದಕ್ಕಿರುವ ಒಂದು ವಿಧಾನಕ್ಕೆ ಅಡಾಪ್ಟಿವ್, ಡೈನಾಮಿಕ್ ಎಂದು ಒಂದೊಂದು ಸಾಫ್ಟ್‌ವೇರ್ ಒಂದೊಂದು ಹೆಸರಿಟ್ಟಿದೆ. ಕಟರ್ ಅಗಲವಾಗಿ ಕಚ್ಚುವುದಿಲ್ಲ, ತೆಳ್ಳಗೆ ಕಚ್ಚುತ್ತ ಆಳವಾಗಿ, ಫ್ಲೂಟ್‌ನ (ಕಟರ್‌ನ ಹಲ್ಲಿನ) ಉದ್ದವನ್ನೆಲ್ಲ ಬಳಸಿಕೊಂಡು ಸುತ್ತುತ್ತದೆ. ಪರದೆಯ ಮೇಲಿನ ಫೀಡ್ (ಕಟರ್ ಮುಂದೆ ಸಾಗುವ ವೇಗ) ನೋಡಿದರೆ ಕಟರ್ ಈಗಲೇ ಮುರಿಯಿತು ಎನ್ನಿಸುತ್ತದೆ. ಹಾಗಾಗಿ ಕಾಗದದ ಮೇಲೆ ಲೆಕ್ಕ ಹಾಕಿದೆ. ಮೈಲ್ಡ್ ಸ್ಟೀಲ್‌ಗೆ 10 ಮಿ.ಮೀ. ಕಾರ್ಬೈಡ್ ಎಂಡ್ ಮಿಲ್, ನಾಲ್ಕು ಫ್ಲೂಟ್, ಕಟಿಂಗ್ ಸ್ಪೀಡ್ ನಿಮಿಷಕ್ಕೆ 150 ಮೀಟರ್ ಎಂದುಕೊಂಡರೆ ಸ್ಪಿಂಡಲ್ ಸುಮಾರು 4775 ಆರ್‌ಪಿಎಂ. ಹಲ್ಲಿಗೆ 0.05 ಮಿ.ಮೀ. ಎಂದರೆ ಫೀಡ್ ನಿಮಿಷಕ್ಕೆ 955 ಮಿ.ಮೀ. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತಿರುವ ಲೆಕ್ಕವೇ.

ಆದರೆ ಪಕ್ಕಕ್ಕೆ ಕಚ್ಚುವ ಅಗಲ ಕಟರ್ ವ್ಯಾಸದ ಅರ್ಧಕ್ಕಿಂತ ಕಡಿಮೆಯಾದಾಗ ಚಿಪ್‌ನ ದಪ್ಪ ನಾವು ಕೊಟ್ಟ ಹಲ್ಲಿನ ಫೀಡ್‌ನಷ್ಟು ಬರುವುದೇ ಇಲ್ಲ. ಹತ್ತು ಮಿಲಿಮೀಟರ್ ಕಟರ್ ಒಂದೇ ಮಿಲಿಮೀಟರ್ ಕಚ್ಚುತ್ತಿದ್ದರೆ ಚಿಪ್‌ನ ಅತಿ ಹೆಚ್ಚಿನ ದಪ್ಪ ಶೇಕಡ 60 ಮಾತ್ರ. 0.05 ಕೊಟ್ಟರೆ ಸಿಗುವುದು 0.03. ಅಷ್ಟು ತೆಳುವಾದರೆ ಹಲ್ಲು ಕೊರೆಯುವುದಕ್ಕಿಂತ ಉಜ್ಜುವುದೇ ಹೆಚ್ಚು. ಉಜ್ಜಿದರೆ ಬಿಸಿ. ಸ್ಟೇನ್‌ಲೆಸ್ ಆದರೆ ಮೇಲ್ಮೈ ಗಟ್ಟಿಯಾಗಿ ಮುಂದಿನ ಹಲ್ಲಿಗೆ ಇನ್ನೂ ಕಷ್ಟ. ನಿಜವಾಗಿ 0.05 ಚಿಪ್ ಬೇಕಿದ್ದರೆ ಫೀಡ್ 1590ರ ಹತ್ತಿರ ಇರಬೇಕು. ನಾನು ಭಯದಿಂದ ಫೀಡ್ ಏರಿಳಿಸುವ ಓವರ್‌ರೈಡ್ ಗುಂಡಿಯನ್ನು ಶೇಕಡ 50ಕ್ಕೆ ತಿರುಗಿಸಿ ಇಟ್ಟುಕೊಂಡರೆ ಕಟರ್‌ಗೆ ಉಪಕಾರವೇನೂ ಆಗುವುದಿಲ್ಲ. ಫೀಡ್ ಏರಿಸಿದಾಗ ಶಬ್ದ ಕಮ್ಮಿಯಾಗಿ, ಚಿಪ್ ಒಂದೇ ಅಳತೆಯಲ್ಲಿ ಉದುರತೊಡಗಿದ್ದನ್ನು ಕಿವಿಯಾರೆ ಕೇಳಿದ ಮೇಲೆ ಹಟ ಬಿಟ್ಟೆ. ಒಂದು ಷರತ್ತು ಇದೆ: ಹಿಡಿತ ಗಟ್ಟಿಯಿರಬೇಕು. ಆಳವಾದ ಕಟ್‌ನಲ್ಲಿ ಹೆಲಿಕ್ಸ್ (ಹಲ್ಲುಗಳ ಸುರುಳಿ) ಟೂಲನ್ನು ಕೆಳಕ್ಕೆ ಎಳೆಯುತ್ತದೆ, ಟೂಲ್ ಹಿಡಿಯುವ ಕಾಲೆಟ್ ಸವೆದಿದ್ದರೆ ಕಟರ್ ನಿಧಾನಕ್ಕೆ ಹೊರಗೆ ಜಾರಿ ಪಾಕೆಟ್ ತಳ ಕೆಡುತ್ತದೆ.

ಒಳಮೂಲೆಗಳ ವಿಷಯವೂ ಹೀಗೇ ಲೆಕ್ಕದಲ್ಲಿ ಅರ್ಥವಾಯಿತು. ಪ್ರೋಗ್ರಾಮಿನ ಫೀಡ್ ಬಹುಪಾಲು ಕಂಟ್ರೋಲರ್‌ಗಳಲ್ಲಿ ಕಟರ್‌ನ ನಡುಬಿಂದುವಿಗೆ ಅನ್ವಯಿಸುತ್ತದೆ. ಮೂಲೆಯ ರೇಡಿಯಸ್ 6, ಕಟರ್ ರೇಡಿಯಸ್ 5 ಇದ್ದರೆ ನಡುಬಿಂದು ಸುತ್ತುವುದು 1 ಮಿ.ಮೀ. ರೇಡಿಯಸ್‌ನಲ್ಲಿ. ಗೋಡೆಯ ಮೇಲಿನ ವೇಗ ಅದರ ಆರು ಪಟ್ಟು. ರೇಡಿಯಸ್ ಎರಡೂ 5 ಆಗಿಬಿಟ್ಟರೆ ಸುತ್ತುವುದಕ್ಕೆ ದಾರಿಯೇ ಇಲ್ಲ, ಕಟರ್ ನಿಂತು ತಿರುಗಬೇಕು. ಆ ಕ್ಷಣದಲ್ಲಿ ಎರಡು ಗೋಡೆಯೂ ಒಟ್ಟಿಗೆ ತಾಗುತ್ತವೆ. ಕೂಗುವ ಮೂಲೆಗಳೆಲ್ಲ ಹೆಚ್ಚಾಗಿ ಇವೇ. ಮೂಲೆಗಿಂತ ಒಂದು ಸೈಜ್ ಚಿಕ್ಕ ಕಟರ್ ಆರಿಸಿ, ಒಳಆರ್ಕ್‌ಗಳಲ್ಲಿ ಫೀಡ್ ಇಳಿಸುವ ಆಯ್ಕೆಯನ್ನು ಆನ್ ಮಾಡುತ್ತೇನೆ.

ತ್ರೀಡಿ ಮೇಲ್ಮೈಗಳು ನನಗೆ ಹೊಸ ಲೋಕ, ಕೈಯಲ್ಲಿ ಇವನ್ನು ಬರೆಯುವ ಮಾತೇ ಇರಲಿಲ್ಲ. ಬಾಲ್ ನೋಸ್ (ತುದಿ ದುಂಡಗಿರುವ ಕಟರ್) ಬಿಟ್ಟುಹೋಗುವ ಏಣುಗಳ ಎತ್ತರವನ್ನು ಅಂದಾಜಿಸಲು ಸ್ಟೆಪ್ ಓವರ್‌ನ (ಪಕ್ಕಪಕ್ಕದ ಎರಡು ಸುತ್ತುಗಳ ಅಂತರದ) ವರ್ಗವನ್ನು ರೇಡಿಯಸ್‌ನ ಎಂಟು ಪಟ್ಟಿನಿಂದ ಭಾಗಿಸಿದರೆ ಸಾಕು. ಹತ್ತು ಮಿ.ಮೀ. ವ್ಯಾಸದ ಬಾಲ್, 0.4 ಸ್ಟೆಪ್ ಓವರ್: 4 ಮೈಕ್ರಾನ್. 0.2ಕ್ಕೆ ಇಳಿಸಿದರೆ 1 ಮೈಕ್ರಾನ್, ಸಮಯ ಎರಡರಷ್ಟು. ಈ ಲೆಕ್ಕ ಹಾಕದೆ ಸ್ಟೆಪ್ ಓವರನ್ನು ಸುಮ್ಮನೆ ಸಣ್ಣದು ಮಾಡುತ್ತ ಹೋದರೆ ಸ್ಪಿಂಡಲ್ ಗಂಟೆಗಳು ವ್ಯರ್ಥ. ಸಾಫ್ಟ್‌ವೇರ್‌ನ ಟಾಲರೆನ್ಸ್ ಖಾನೆಯೂ (ಟೂಲ್‌ಪಾತ್ ಮಾಡೆಲ್‌ನಿಂದ ಎಷ್ಟು ಆಚೀಚೆ ಆಗಬಹುದು ಎಂಬುದು) ಅಷ್ಟೆ. ತೀರಾ ಬಿಗಿ ಮಾಡಿದರೆ ವಕ್ರರೇಖೆ ಸಾವಿರಾರು ಚಿಕ್ಕ ಗೆರೆಗಳಾಗಿ ಒಡೆಯುತ್ತದೆ. ಒಂದೊಂದು ಗೆರೆ 0.1 ಮಿ.ಮೀ., ಫೀಡ್ 2000 ಎಂದರೆ ಕಂಟ್ರೋಲರ್ ಸೆಕೆಂಡಿಗೆ ಮುನ್ನೂರಕ್ಕೂ ಹೆಚ್ಚು ಸಾಲು ಓದಬೇಕು. ಹಳೇ ಕಂಟ್ರೋಲರ್‌ಗೆ ಅದು ಆಗದು, ಮೆಷಿನ್ ತಡವರಿಸುತ್ತ ನಡೆದು ಮೇಲ್ಮೈಯಲ್ಲಿ ಗುರುತು ಬೀಳುತ್ತದೆ. ರಫಿಂಗ್‌ನಲ್ಲಿ ಗೋಡೆಗೆ 0.3 ಮೆಟೀರಿಯಲ್ ಬಿಟ್ಟಿರುವಾಗ 0.05 ಟಾಲರೆನ್ಸ್ ಧಾರಾಳವಾಗಿ ಸಾಕು.

ಇನ್ನು ಸಿಮ್ಯುಲೇಶನ್. ಪರದೆಯ ಮೇಲೆ ಹಸಿರು ಬಣ್ಣ ಬಂದಾಕ್ಷಣ ಮೆಷಿನ್ ಓಡಿಸುವ ಸೈಕಲ್ ಸ್ಟಾರ್ಟ್ ಗುಂಡಿ ಒತ್ತುವವರನ್ನು ಕಂಡರೆ ನನಗೆ ಎದೆ ಹೊಡೆದುಕೊಳ್ಳುತ್ತದೆ. ಹಲವು ಸಾಫ್ಟ್‌ವೇರ್‌ಗಳಲ್ಲಿ ಸಿಮ್ಯುಲೇಶನ್ ತೋರಿಸುವುದು ಒಳಗಿನ ಟೂಲ್‌ಪಾತನ್ನು, ಮೆಷಿನ್‌ಗೆ ಹೋಗುವ ಜಿ ಕೋಡನ್ನಲ್ಲ. ನಡುವೆ ಟೂಲ್‌ಪಾತನ್ನು ಜಿ ಕೋಡ್ ಆಗಿ ಬದಲಿಸುವ ಪೋಸ್ಟ್ ಪ್ರೊಸೆಸರ್ ಇದೆ. ಟೂಲ್ ಬದಲಿಸುವ ಮೊದಲು ಝಡ್ ಹೋಮ್‌ಗೆ ಹೋಗಬೇಕೋ ಬೇಡವೋ, ಆರ್ಕ್‌ಗೆ ಐ, ಜೆ (ಕೇಂದ್ರ) ಬರೆಯಬೇಕೋ ಆರ್ (ರೇಡಿಯಸ್) ಬರೆಯಬೇಕೋ, ಪೆಕ್ ಡ್ರಿಲ್ಲಿಂಗ್‌ಗೆ (ಸ್ವಲ್ಪ ಸ್ವಲ್ಪವೇ ಇಳಿದು ಮೇಲೆದ್ದು ತೂತು ಹಾಕುವುದಕ್ಕೆ) ಒಂದು ಜಿ83 ಸಾಲು ಹಾಕಬೇಕೋ ಎಲ್ಲ ಏರಿಳಿತವನ್ನೂ ಬಿಡಿಸಿ ಬರೆಯಬೇಕೋ, ಎಲ್ಲ ನಿರ್ಧಾರ ಅಲ್ಲಿ. ಫ್ಯಾನಕ್ ಕಂಪನಿಯ ಕಂಟ್ರೋಲರ್‌ಗೆ ಬರೆದದ್ದು ಹೈಡನ್‌ಹೈನ್ ಕಂಪನಿಯದಕ್ಕೆ ಆಗದು, ಒಂದೇ ಕಂಟ್ರೋಲರ್ ಇರುವ ಎರಡು ಮೆಷಿನ್‌ಗಳ ನಡುವೆಯೂ ವ್ಯತ್ಯಾಸ ಇರುತ್ತದೆ. ಪೋಸ್ಟ್ ಬದಲಾದಾಗೆಲ್ಲ ಪ್ರತಿ ಟೂಲಿನ ಮೊದಲ ಹತ್ತಿಪ್ಪತ್ತು ಸಾಲು, ಕೊನೆಯ ಹತ್ತಿಪ್ಪತ್ತು ಸಾಲುಗಳನ್ನು ನಾನು ಕಣ್ಣಿಟ್ಟು ಓದುತ್ತೇನೆ. ಪೀಸ್‌ನ ಸೊನ್ನೆ ಬಿಂದು ಹೇಳುವ ಜಿ54 ಇದೆಯೇ, ಟೂಲ್ ಉದ್ದ ಲೆಕ್ಕಕ್ಕೆ ತರುವ ಜಿ43 ಜೊತೆ ಎಚ್ ನಂಬರ್ ಟೂಲ್ ನಂಬರ್‌ಗೆ ಹೊಂದುತ್ತದೆಯೇ, ಕೂಲೆಂಟ್ ಶುರುವಾಗುತ್ತದೆಯೇ ಎಂದು. ಕೈಯಲ್ಲಿ ಪ್ರೋಗ್ರಾಂ ಬರೆದ ಅಭ್ಯಾಸ ಇಲ್ಲಿ ಬಂಗಾರ. ಅದಿಲ್ಲದೆ ನೇರ ಕ್ಯಾಮ್ ಕಲಿತವರಿಗೆ ಈ ಸಾಲುಗಳು ಬರೀ ಅಕ್ಷರ.

ಜಿ00, ಅಂದರೆ ಕೊರೆಯದೆ ಪೂರ್ತಿ ವೇಗದಲ್ಲಿ ಸರಿಯುವ ಆಜ್ಞೆ, ಅದರ ಬಗ್ಗೆ ಒಂದು ಮಾತು. ಪರದೆಯಲ್ಲಿ ರ‍್ಯಾಪಿಡ್ ನೇರ ಗೆರೆಯಾಗಿ ಕಂಡರೂ ಹಲವು ಮೆಷಿನ್‌ಗಳಲ್ಲಿ ಅದು ಹಾಗೆ ಓಡುವುದಿಲ್ಲ. ಪ್ರತಿ ಆ್ಯಕ್ಸಿಸ್ ತನ್ನ ಪೂರ್ತಿ ವೇಗದಲ್ಲಿ ಹೋಗುತ್ತದೆ. ಎಕ್ಸ್ 300, ವೈ 100 ದೂರವಿದ್ದು ಎರಡರ ವೇಗವೂ ಒಂದೇ ಆಗಿದ್ದರೆ ಮೊದಲು 45 ಡಿಗ್ರಿಯಲ್ಲಿ ಓಡಿ, ವೈ ಮುಗಿದ ಮೇಲೆ ಎಕ್ಸ್ ಒಂದೇ ನಡೆಯುತ್ತದೆ. ಆ ಡೊಂಕಿನಲ್ಲಿ ಕ್ಲಾಂಪ್ ಇದ್ದರೆ ಮುಗಿಯಿತು. ಕ್ಲಾಂಪ್‌ನ ಬೋಲ್ಟ್ ತಲೆಗಿಂತ ಎತ್ತರದಲ್ಲೇ ಕ್ಲಿಯರೆನ್ಸ್ (ಟೂಲ್ ಓಡಾಡುವ ಮಟ್ಟ) ಇಟ್ಟು ಬಿಡುವುದು ಇದಕ್ಕೆ ಸರಳ ಮದ್ದು.

ಮೆಷಿನ್ ಹತ್ತಿರ ಬಂದಮೇಲೆ ಹಳೇ ಕ್ರಮವೇ. ಝಡ್ ಆಫ್‌ಸೆಟ್ ಎತ್ತರಿಸಿ ಗಾಳಿಯಲ್ಲಿ ಒಮ್ಮೆ ಓಡಿಸುವುದು, ಆಮೇಲೆ ಸಿಂಗಲ್ ಬ್ಲಾಕ್ (ಒಂದೊಂದೇ ಸಾಲು ಓಡಿಸುವುದು), ರ‍್ಯಾಪಿಡ್ ಶೇಕಡ 25ಕ್ಕೆ, ಕಣ್ಣು ಡಿಸ್ಟೆನ್ಸ್ ಟು ಗೋ (ಇನ್ನು ಸಾಗಬೇಕಾದ ದೂರ) ಮೇಲೆ. ಟೂಲ್ ಪೀಸ್‌ನಿಂದ ಒಂದು ಬೆರಳಷ್ಟು ಮೇಲಿದ್ದು, ಪರದೆ ಇನ್ನೂ ಐವತ್ತು ಮಿಲಿಮೀಟರ್ ಇಳಿಯಬೇಕು ಎಂದರೆ ಎಲ್ಲೋ ಎಡವಟ್ಟಾಗಿದೆ ಎಂದರ್ಥ, ಅಲ್ಲೇ ನಿಲ್ಲಿಸಬೇಕು.

ಇಷ್ಟರ ಜೊತೆಗೆ ನಿಧಾನವಾಗಿ ಬೆಳೆಸಿದ್ದು ಟೂಲ್ ಲೈಬ್ರರಿ. ಸಾಫ್ಟ್‌ವೇರ್ ಜೊತೆ ಬರುವ ನೂರಾರು ಟೂಲ್‌ಗಳನ್ನು ಅಳಿಸಿಹಾಕಿ, ಸ್ಟ್ಯಾಂಡ್‌ನಲ್ಲಿ ನಿಜವಾಗಿ ಇರುವವನ್ನಷ್ಟೇ ಸೇರಿಸಿದೆ. ಹೋಲ್ಡರ್‌ನ ಆಕಾರ, ಅಳೆದು ನೋಡಿದ ಸ್ಟಿಕ್ ಔಟ್ (ಹೋಲ್ಡರ್‌ನಿಂದ ಹೊರಗಿರುವ ಟೂಲ್ ಉದ್ದ), ಆ ಮೆಟೀರಿಯಲ್‌ನಲ್ಲಿ ಚೆನ್ನಾಗಿ ಓಡಿದ ಸ್ಪೀಡು, ಫೀಡು ಎಲ್ಲ ಅದರಲ್ಲಿದೆ. ಹೋಲ್ಡರ್ ಗೋಡೆಗೆ ತಾಗುತ್ತದೆ ಎಂದು ಸಿಮ್ಯುಲೇಶನ್ ಹೇಳಿದಾಗ ನಂಬಬಹುದಾದದ್ದು ಇದನ್ನು ಮಾಡಿದ ಮೇಲೆಯೇ. ಹೊಸ ಕಟರ್ ಬಂದರೆ ಮೊದಲ ಜಾಬ್‌ನ ಅಂಕಿಯನ್ನು ಅಂದೇ ಬರೆದಿಡುತ್ತೇನೆ, ನಾಳೆಗೆ ಬಿಟ್ಟರೆ ನೆನಪಿರುವುದಿಲ್ಲ. ಎರಡು ತೂತು ಹಾಕುವುದು, ಒಂದು ಮುಖ ಸವರುವುದು ಇಂಥವಕ್ಕೆ ಈಗಲೂ ಕಂಪ್ಯೂಟರ್ ಹತ್ತಿರ ಹೋಗುವುದಿಲ್ಲ. ಮೆಷಿನ್‌ನಲ್ಲೇ ನೇರ ಸಾಲು ಬರೆಯುವ ಎಂಡಿಐಯಲ್ಲಿ ನಾಲ್ಕು ಸಾಲು ಟೈಪ್ ಮಾಡಿ ಮುಗಿಸುತ್ತೇನೆ.