ಓವರ್‌ಕ್ಲಾಕ್ ಮಾಡುವ ಮೊದಲು ವೋಲ್ಟೇಜ್ ನೋಡಿ

ಪ್ರೊಸೆಸರ್ ಓವರ್‌ಕ್ಲಾಕ್ ಮಾಡಲು, ಅಂದರೆ ನಿಗದಿತ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸಲು ಹೊರಟವರು ವೇಗಕ್ಕಿಂತ ಮೊದಲು ವೋಲ್ಟೇಜ್ ಮೇಲೆ ಕಣ್ಣಿಡಿ. ವೇಗ ಏರಿದಷ್ಟೇ ಪ್ರಮಾಣದಲ್ಲಿ ಬಿಸಿಯೂ ಏರುತ್ತದೆ. ಆದರೆ ವೋಲ್ಟೇಜ್ ಏರಿದರೆ ಬಿಸಿ ಅದರ ವರ್ಗದ (ಸ್ಕ್ವೇರ್) ಪ್ರಮಾಣದಲ್ಲಿ ಏರುತ್ತದೆ. 1.20 ವೋಲ್ಟ್ ಇದ್ದುದನ್ನು 1.32ಕ್ಕೆ ಒಯ್ದರೆ, ವೇಗ ಬದಲಾಗದಿದ್ದರೂ ವಿದ್ಯುತ್ ಬಳಕೆ ಸುಮಾರು ಶೇ 21ರಷ್ಟು ಹೆಚ್ಚುತ್ತದೆ. ಅಷ್ಟೂ ಬಿಸಿಯಾಗಿಯೇ ಹೊರಬರಬೇಕು.

ಹಾಗಾಗಿ ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್ ಪರದೆಯಾದ ಬಯಾಸ್‌ನಲ್ಲಿ ವೋಲ್ಟೇಜನ್ನು ‘ಆಟೋ’ಗೆ ಬಿಡಬೇಡಿ, ಹಲವು ಮದರ್‌ಬೋರ್ಡ್‌ಗಳು ಬೇಕಾದುದಕ್ಕಿಂತ ಹೆಚ್ಚೇ ಕೊಡುತ್ತವೆ. ವೇಗವನ್ನು ಒಮ್ಮೆಗೆ 100 ಮೆಗಾಹರ್ಟ್ಸ್ ಮಾತ್ರ ಏರಿಸಿ, ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವ ಪ್ರೈಮ್95 ತಂತ್ರಾಂಶವನ್ನು ಅರ್ಧ ಗಂಟೆ ಓಡಿಸಿ, ಪ್ರತಿ ಕೋರ್‌ನ (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಒಂದೊಂದು ಘಟಕದ) ತಾಪಮಾನ ಗಮನಿಸಿ. 85 ಡಿಗ್ರಿ ದಾಟಿದರೆ ನಾನು ಅಲ್ಲಿಗೇ ನಿಲ್ಲಿಸುತ್ತೇನೆ.

ಒಂದೇ ಕೋರ್ ಉಳಿದವುಗಳಿಗಿಂತ 15 ಡಿಗ್ರಿ ಹೆಚ್ಚು ತೋರಿಸುತ್ತಿದ್ದರೆ ಕೂಲರ್ ಬಿಚ್ಚಿ ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟ್ ನೋಡಿ. ನನ್ನದರಲ್ಲಿ ಒಂದು ಮೂಲೆಗೆ ಪೇಸ್ಟ್ ತಾಗಿಯೇ ಇರಲಿಲ್ಲ, ಬರಿಯ ಲೋಹ ಹೊಳೆಯುತ್ತಿತ್ತು. ಒರೆಸಿ, ಹೊಸದಾಗಿ ಹಚ್ಚಿ, ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪಸ್ವಲ್ಪವೇ ಬಿಗಿದ ಮೇಲೆ ಸರಿಹೋಯಿತು.

ಪರೀಕ್ಷೆಯಲ್ಲಿ ಪಾಸಾದ ಕಂಪ್ಯೂಟರ್ ಕೂಡ ಕೆಲಸವಿಲ್ಲದೆ ಸುಮ್ಮನಿರುವಾಗ ತಟ್ಟನೆ ರೀಸ್ಟಾರ್ಟ್ ಆಗಬಹುದು. ಒಂದು ವಾರ ದಿನನಿತ್ಯದ ಕೆಲಸ ಮಾಡಿ ನೋಡಿ. ಅಲ್ಲಿಯವರೆಗೆ ಮುಖ್ಯ ಕಡತಗಳ ಪ್ರತಿಯನ್ನು ದಯವಿಟ್ಟು ಬೇರೆ ಡಿಸ್ಕ್‌ನಲ್ಲಿ ಇಟ್ಟುಕೊಂಡಿರಿ.