ಗೇಟು ದಾಟಿದ ಮೇಲೆ ದಾರಿ ಹೇಳುವ ಸ್ಟಿಕ್ಕರ್

ನಮ್ಮ ದೊಡ್ಡಪ್ಪನಿಗೆ ಕಣ್ಣು ಕಾಣುವುದಿಲ್ಲ. ಬಿಳಿ ಕೋಲು, ಫೋನ್ ಹಿಡಿದು ಚಿಕ್ಕಮಗಳೂರಿನಲ್ಲಿ ಒಬ್ಬರೇ ಓಡಾಡುತ್ತಾರೆ. ತೊಡಕು ಶುರುವಾಗುವುದು ಕಟ್ಟಡದ ಒಳಗೆ. ಜಿಪಿಎಸ್ ಸಂಕೇತ ಸುಮಾರು 20,000 ಕಿ.ಮೀ. ಮೇಲಿನ ಉಪಗ್ರಹದಿಂದ ಬರಬೇಕು. ತಾರಸಿ ದಾಟುವಷ್ಟರಲ್ಲಿ ಅದು ಸೊರಗಿರುತ್ತದೆ. ಭಜನೆಗೆ ಹೋಗುವ ಎರಡು ಮಹಡಿಯ ಕಟ್ಟಡದಲ್ಲಿ ಅವರು ಪ್ರತಿ ಸಲ ಯಾರನ್ನಾದರೂ ಕೂಗಬೇಕಿತ್ತು.

ದೊಡ್ಡ ಕಟ್ಟಡಗಳಿಗೆ ಬ್ಲೂಟೂತ್ ಬೀಕನ್ ಇದೆ, ಸಂಕೇತ ಕಳಿಸುತ್ತಲೇ ಇರುವ ಸಣ್ಣ ಪೆಟ್ಟಿಗೆ. ಅದರ ಸಂಕೇತದ ಬಲ ನೋಡಿ ಫೋನ್ ಜಾಗ ಅಂದಾಜು ಮಾಡುತ್ತದೆ. ನಡುವೆ ನಾಲ್ಕು ಜನ ನಿಂತರೆ ಅಂದಾಜು ತಪ್ಪುತ್ತದೆ, ಬ್ಯಾಟರಿಯನ್ನೂ ಬದಲಿಸುತ್ತಿರಬೇಕು. ಸಣ್ಣ ಜಾಗಕ್ಕೆ ಎನ್‌ಎಫ್‌ಸಿ ಸ್ಟಿಕ್ಕರ್ ಸಾಕು ಅನ್ನುವುದು ನನ್ನ ಲೆಕ್ಕ. ಅದರೊಳಗಿನ ಪುಟ್ಟ ಚಿಪ್ಪಿನಲ್ಲಿ ಬರೆದಿಟ್ಟ ಮಾತನ್ನು, ಹತ್ತಿರ ಹಿಡಿದ ಫೋನ್ ಓದಿಕೊಳ್ಳುತ್ತದೆ. ಅದಕ್ಕೆ ಬ್ಯಾಟರಿಯೂ ಬೇಡ, ನೆಟ್‌ವರ್ಕೂ ಬೇಡ. ಮಳೆಗಾಲದಲ್ಲಿ ನಮ್ಮ ಕಡೆ ನೆಟ್‌ವರ್ಕ್ ನಂಬುವ ಹಾಗಿಲ್ಲ, ಅಲ್ವಾ?

ಎನ್‌ಎಫ್‌ಸಿ ಇರುವ ಆಂಡ್ರಾಯ್ಡ್ ಫೋನಿಗೆ ಎನ್‌ಎಫ್‌ಸಿ ಟೂಲ್ಸ್ ಥರದ ಆಪ್ ಹಾಕಿಕೊಳ್ಳಿ. ಸ್ಟಿಕ್ಕರಿಗೆ ಬರೆಯುವುದು ಅದರಲ್ಲೇ. ಪರದೆಯ ಬರಹ ಓದಿ ಹೇಳಲು ಆಂಡ್ರಾಯ್ಡಿನ ಟಾಕ್‌ಬ್ಯಾಕ್ ಮತ್ತು ಕನ್ನಡ ಧ್ವನಿ ಬೇಕು.

ಸ್ಟಿಕ್ಕರ್ ಕೊಳ್ಳುವಾಗ ನಾನು ಎಡವಿದೆ. ಅಗ್ಗದ ಎನ್‌ಟ್ಯಾಗ್ 213 ಅನ್ನುವ ಬಗೆ ತಂದೆ. ಅದರಲ್ಲಿ ಹಿಡಿಸುವುದು 144 ಬೈಟ್. ಕನ್ನಡದಲ್ಲಿ ಅಕ್ಷರ, ಗುಣಿತದ ಗುರುತು ಒಂದೊಂದಕ್ಕೂ ಸಾಮಾನ್ಯವಾಗಿ 3 ಬೈಟ್, ಒತ್ತಿಗೆ 6 ಬೈಟ್ ಹೋಗುತ್ತದೆ. ‘ಮೆಟ್ಟಿಲು’ ಅನ್ನುವ ಒಂದೇ ಮಾತಿಗೆ 24! ಐದು ಪದ ಬರೆಯುವಷ್ಟರಲ್ಲಿ ಜಾಗ ಮುಗಿಯಿತು. 504 ಬೈಟಿನ ಎನ್‌ಟ್ಯಾಗ್ 215 ತನ್ನಿ.

ಆಮೇಲೆ ಆ ಕಟ್ಟಡದಲ್ಲಿ ಓಡಾಡುವವರ ಜೊತೆಗೇ ಒಂದು ಸುತ್ತು ಹಾಕಿ. ಅವರು ಎಲ್ಲಿ ತಡವರಿಸಿ ನಿಲ್ಲುತ್ತಾರೋ ಅಲ್ಲೇ ಸ್ಟಿಕ್ಕರ್ ಬೇಕು. ನಾನು ಮೊದಲು ಸುಮ್ನೆ ಮನೆಯಲ್ಲೇ ಕೂತು ‘ಬಿಳಿ ಗೋಡೆ ಪಕ್ಕ ತಿರುಗಿ’ ಎಂದು ಬರೆದಿದ್ದೆ. ದೊಡ್ಡಪ್ಪ ನಕ್ಕರು. ‘ಬಿಳಿ ಗೋಡೆ ನಂಗೆ ಹ್ಯಾಗೆ ಗೊತ್ತಾಗಬೇಕು ಮಾರಾಯ?’

ಕೈಗೆ, ಕೋಲಿಗೆ, ಕಿವಿಗೆ ಸಿಗುವ ಗುರುತನ್ನೇ ಬರೆಯಿರಿ. ನೀವು ಯಾವ ಕಡೆ ಮುಖ ಮಾಡಿದ್ದೀರಿ ಎಂದು ಸ್ಟಿಕ್ಕರಿಗೆ ಗೊತ್ತಿಲ್ಲ. ಅದಕ್ಕೇ ಎಡ, ಬಲ ಎಲ್ಲವೂ ಸ್ಟಿಕ್ಕರಿಗೆ ಎದುರಾಗಿ ನಿಂತ ಲೆಕ್ಕದಲ್ಲಿರಲಿ: ‘ಬಲಕ್ಕೆ ಎಂಟು ಹೆಜ್ಜೆ. ಮೆಟ್ಟಿಲು ಹನ್ನೆರಡು.’

ಎಲ್ಲ ಸ್ಟಿಕ್ಕರನ್ನೂ ಒಂದೇ ಎತ್ತರಕ್ಕೆ ಅಂಟಿಸಿ. ಕೈಗೆ ಸಿಗಲೆಂದು ಪಕ್ಕದಲ್ಲಿ ಒಂದು ಅಂಗಿ ಗುಂಡಿ ಅಂಟಿಸಿದೆವು. ಗೋಡೆಯ ಶೀತಕ್ಕೆ ಕಿತ್ತು ಬರದಂತೆ ಮೇಲೆ ಅಗಲ ಟೇಪು. ಕಬ್ಬಿಣದ ಬಾಗಿಲು, ಕಂಬಿಯ ಮೇಲೆ ಮಾಮೂಲಿ ಸ್ಟಿಕ್ಕರ್ ಕೆಲಸ ಮಾಡುವುದಿಲ್ಲ, ಲೋಹಕ್ಕೆಂದೇ ಬೇರೆ ಸಿಗುತ್ತದೆ. ಫೋನಿನ ಲಾಕ್ ತೆಗೆದು, ಬೆನ್ನನ್ನು ಸ್ಟಿಕ್ಕರಿಗೆ ತಾಗುವಷ್ಟು ಹತ್ತಿರ ಹಿಡಿಯಬೇಕು. ಇನ್ನೊಂದು ಕೈಯಲ್ಲಿ ಕೋಲು ಇದ್ದೇ ಇರಲಿ. ನಡುದಾರಿಯಲ್ಲಿಟ್ಟ ಬಕೆಟ್ಟಿನ ಸುದ್ದಿಯನ್ನು ಯಾವ ಸ್ಟಿಕ್ಕರೂ ಹೇಳುವುದಿಲ್ಲ.

ಒಂದು ವಾರ ಓಡಾಡಿ ನೋಡಿದ ಮೇಲೆ ಆಪ್‌ನಲ್ಲೇ ಸ್ಟಿಕ್ಕರಿಗೆ ಬೀಗ ಹಾಕಬಹುದು. ಆಗ ಬೇರೆಯವರು ತಿದ್ದಲಾಗದು, ನೀವೂ ತಿದ್ದಲಾಗದು. ನಾವು ಕುರ್ಚಿ ಸಾಲಿನ ಸ್ಟಿಕ್ಕರಿಗೆ ಮಾತ್ರ ಹಾಕಿಲ್ಲ. ಅಲ್ಲಿ ಕುರ್ಚಿಗಳು ಹಬ್ಬಕ್ಕೊಂದು ಕಡೆ ಇರುತ್ತವೆ.