ಏಪ್ರಿಲ್ ತಿಂಗಳ ಮಂಕುಬೂದಿ

2021ರ ಏಪ್ರಿಲ್ ಕೊನೆಯ ವಾರ ನಾನು ಮಾರ್ಕಸ್ ಸೆಮಿಯೆನ್‌ನನ್ನು ಕೊಟ್ಟು ಯೆರ್ಮಿನ್ ಮರ್ಸಿಡಿಸ್‌ನನ್ನು ತೆಗೆದುಕೊಂಡೆ. ಬೇಸ್‌ಬಾಲ್ ಬಲ್ಲವರು ಇಲ್ಲಿಗೇ ನಕ್ಕು ಎದ್ದು ಹೋಗಬಹುದು. ಉಳಿದವರಿಗೆ ಸ್ವಲ್ಪ ಹಿನ್ನೆಲೆ: ನ್ಯೂಜೆರ್ಸಿಯ ನಮ್ಮ ಕಚೇರಿಯಲ್ಲಿ ಹನ್ನೆರಡು ಮಂದಿಯ ಫ್ಯಾಂಟಸಿ ಲೀಗ್ ಇದೆ. ಮಾರ್ಚ್‌ನಲ್ಲಿ ನಿಜವಾದ ಆಟಗಾರರನ್ನು ಹಂಚಿಕೊಳ್ಳುತ್ತೇವೆ. ಅವರು ಮೈದಾನದಲ್ಲಿ ಗಳಿಸಿದ್ದು ನಮ್ಮ ಲೆಕ್ಕಕ್ಕೆ ಜಮೆ. ನಡುವೆ ಅದಲುಬದಲು ಮಾಡಿಕೊಳ್ಳಬಹುದು. ಚಟವೆಂದರೆ ಚಟವೇ.

ಮರ್ಸಿಡಿಸ್ ಷಿಕಾಗೊ ವೈಟ್ ಸಾಕ್ಸ್ ತಂಡದ 28 ವರ್ಷದ ಹೊಸಬ. ಆ ವರ್ಷ ಅವನ ಮೊದಲ ಎಂಟು ಸರದಿಗಳಲ್ಲಿ ಎಂಟೂ ಹಿಟ್: ಪ್ರತಿ ಬಾರಿಯೂ ಚೆಂಡು ಹೊಡೆದು, ಔಟಾಗದೆ ಬೇಸ್ ಎಂಬ ಮೂಲೆಗುರುತು ಮುಟ್ಟಿದ್ದ. ಏಪ್ರಿಲ್ ತಿಂಗಳ ಸರಾಸರಿ, ಅಂದರೆ ಹಿಟ್‌ಗಳನ್ನು ಸರದಿಗಳಿಂದ ಭಾಗಿಸಿದ್ದು, .415; .300 ಇದ್ದರೇ ಭೇಷ್ ಎನ್ನುವ ಆಟವಿದು. ಅತ್ತ ಟೊರಾಂಟೊ ತಂಡದಲ್ಲಿ ಸೆಮಿಯೆನ್ ತಡವರಿಸುತ್ತಿದ್ದ. 2019ರಲ್ಲಿ 33 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥದ್ದು) ಬಾರಿಸಿದ್ದವನು ಇವನೇ ಎಂಬುದು ನನಗೆ ಗೊತ್ತಿತ್ತು. ಆದರೆ ಕಣ್ಣು ನೆಟ್ಟಿದ್ದು ಆ್ಯಪ್‌ನ ‘ಕಳೆದ 15 ದಿನ’ ಎಂಬ ಅಂಕಣದ ಮೇಲೆ. ಸಹೋದ್ಯೋಗಿ ಊಟದ ಹೊತ್ತಿಗೆ ಒಪ್ಪಿಗೆ ಕಳುಹಿಸಿದ. ಅಷ್ಟು ಬೇಗ ಒಪ್ಪಿದ್ದೇ ಅನುಮಾನ ಹುಟ್ಟಿಸಬೇಕಿತ್ತು.

ಜುಲೈ ಆರಂಭದಲ್ಲಿ ಮರ್ಸಿಡಿಸ್‌ನನ್ನು ಕೆಳದರ್ಜೆಯ ತಂಡಕ್ಕೆ ಕಳುಹಿಸಿದರು. ವರ್ಷದ ಸರಾಸರಿ .271, ಹೋಮ್ ರನ್ ಏಳು. ಸೆಮಿಯೆನ್ ಬಾರಿಸಿದ್ದು 45. ಅಲ್ಲಿಯವರೆಗೆ ಅವನಂತೆ ಎರಡನೇ ಬೇಸ್ ಬಳಿ ಫೀಲ್ಡಿಂಗ್ ಮಾಡುವ ಯಾವ ಸೆಕೆಂಡ್ ಬೇಸ್‌ಮನ್ ಕೂಡ ಒಂದೇ ವರ್ಷದಲ್ಲಿ ಅಷ್ಟು ಹೊಡೆದಿರಲಿಲ್ಲ. ಬೆಂಜ್ ಕಾರಿನ ಜೋಕುಗಳನ್ನು ನಾನು ಇಂದಿಗೂ ಕೇಳುತ್ತಿದ್ದೇನೆ.

ಆ ಚಳಿಗಾಲದಲ್ಲಿ ಒಂದು ಹಾಳೆಯ ಮೇಲೆ ಲೆಕ್ಕ ಹಾಕಿದೆ. .270 ಸರಾಸರಿಯ ಆಟಗಾರ ಮೂರು ವಾರಗಳ 70 ಸರದಿಗಳಲ್ಲಿ 28 ಹಿಟ್ ಪಡೆದರೆ ಸರಾಸರಿ .400. ಅವನ ಎಂದಿನ ಆಟಕ್ಕೆ 19 ಬರುತ್ತಿತ್ತು. ವ್ಯತ್ಯಾಸ ಒಂಬತ್ತು, ಎಂದರೆ ವಾರಕ್ಕೆ ಮೂರು. ಫೀಲ್ಡರ್‌ನ ಕೈಗವಸಿಗೆ ಒಂದು ಗೇಣು ಆಚೆ ಬಿದ್ದ ಮೂರು ಚೆಂಡು, ಅಷ್ಟೆ! ಉಳಿದ 430 ಸರದಿಗಳಲ್ಲಿ ಅವನು ತನ್ನ .270ಕ್ಕೆ ಮರಳಿದರೆ ವರ್ಷಾಂತ್ಯಕ್ಕೆ .288. ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದು .340ರ ಅರಮನೆ.

ಅಂದಿನಿಂದ ಮಾರ್ಚ್‌ನಲ್ಲೇ ಪ್ರತಿ ಆಟಗಾರನ ಅಂದಾಜನ್ನು ನೋಟ್‌ಬುಕ್‌ನಲ್ಲಿ ಪೆನ್ನಿನಿಂದ ಬರೆದಿಡುತ್ತೇನೆ. ಪೆನ್ಸಿಲ್ ಆದರೆ ಮೇ ತಿಂಗಳಲ್ಲಿ ಅಳಿಸುವ ಆಸೆಯಾಗುತ್ತದೆ. ಅಂದಾಜನ್ನು ಬದಲಿಸಲು ಸರಾಸರಿಯನ್ನು ಸಾಕ್ಷಿಗೆ ಕರೆಯುವುದಿಲ್ಲ. ಬ್ಯಾಟರ್ ಎಷ್ಟು ಬಾರಿ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಬಿದ್ದು ಔಟ್) ಆಗುತ್ತಿದ್ದಾನೆ, ಚೆಂಡು ಎಷ್ಟು ವೇಗವಾಗಿ ಬ್ಯಾಟ್ ಬಿಡುತ್ತಿದೆ ಎಂದು ನೋಡುತ್ತೇನೆ. ಇವು ಸರಾಸರಿಗಿಂತ ಬೇಗ ನಿಜ ಹೇಳುತ್ತವೆ.

ಕೆಲವೇ ದಿನಗಳ ಆಟವನ್ನು ನಂಬಬಾರದು ಎಂಬುದನ್ನೇ ವೇದವಾಕ್ಯ ಮಾಡಿಕೊಂಡೂ ಪೆಟ್ಟು ತಿಂದಿದ್ದೇನೆ. ಒಬ್ಬ ಪಿಚರ್‌ನ ಎಸೆತದ ವೇಗ ಗಂಟೆಗೆ ಎರಡು ಮೈಲಿ ಕುಸಿದಿತ್ತು. ‘ನಾಲ್ಕು ಪಂದ್ಯದ ಮಾತು, ಸರಿಹೋಗುತ್ತದೆ’ ಎಂದು ಸುಮ್ಮನಿದ್ದೆ. ಮುಂದಿನ ತಿಂಗಳು ಅವನು ಮೊಣಕೈ ಶಸ್ತ್ರಚಿಕಿತ್ಸೆಗೆ ಹೋದ. ಹಿಟ್ ಬೀಳದಿರುವುದು ಬೇರೆ, ತೋಳಿನಲ್ಲಿ ಕಸುವು ಇಲ್ಲದಿರುವುದು ಬೇರೆ.

2025ರ ಮೇ ಕೊನೆಯಲ್ಲಿ ಹುವಾನ್ ಸೋಟೊನ ಬಗ್ಗೆ ಎಲ್ಲರೂ ಮೂಗು ಮುರಿಯುತ್ತಿದ್ದರು. 76.5 ಕೋಟಿ ಡಾಲರ್‌ಗೆ ನ್ಯೂಯಾರ್ಕ್‌ನ ಮೆಟ್ಸ್ ತಂಡ ಸೇರಿದವನ ಆಟ ಇಷ್ಟೇನಾ ಎಂಬ ಗೊಣಗಾಟ. ನಾನು ನೋಡಿದೆ: ವಾಕ್‌ಗಳು (ಕೆಟ್ಟ ಎಸೆತಗಳನ್ನು ಬಿಟ್ಟು ಪುಕ್ಕಟೆ ಪಡೆಯುವ ಬೇಸ್) ಎಂದಿನಂತೆಯೇ ಇದ್ದವು, ಚೆಂಡು ಎಂದಿನಂತೆಯೇ ಬಲವಾಗಿ ಹೋಗುತ್ತಿತ್ತು. ಇಬ್ಬರು ಮಧ್ಯಮ ಆಟಗಾರರನ್ನು ಕೊಟ್ಟು ಅವನನ್ನು ತಂದೆ. ಜೂನ್ ಒಂದರಲ್ಲೇ 11 ಹೋಮ್ ರನ್, ವರ್ಷಕ್ಕೆ 43. ಜೊತೆಗೆ 38 ಬೇಸ್ ಕದ್ದ, ಅಂದರೆ ಹಿಟ್ ಬೀಳುವುದಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಿ ಸೇರಿದ. ಹಿಂದೆ ಯಾವ ವರ್ಷವೂ 12 ದಾಟದಿದ್ದ ಮನುಷ್ಯ! ಕಚೇರಿಯಲ್ಲಿ ಅದಕ್ಕೂ ಶಹಬ್ಬಾಸ್‌ಗಿರಿ ಸಿಕ್ಕಿತು, ನಾನೂ ಸುಮ್ಮನೆ ಸ್ವೀಕರಿಸಿದೆ. ನೋಟ್‌ಬುಕ್‌ನಲ್ಲಿ ಅವನ ಹೆಸರಿನ ಮುಂದೆ, ಪೆನ್ನಿನಲ್ಲೇ, ಕದಿಯುವ ಬೇಸ್: 8 ಎಂದಿದೆ.